ಸರಮೆಯ ಮೂಗು, ನಮ್ಮ ಬೆರಳು

ಕಲಬುರಗಿಯ ಹಳೆಯ ಓಣಿಯೊಂದರಲ್ಲಿ ನನ್ನ ಸ್ನೇಹಿತರಾದ ನಿವೃತ್ತ ಮಾಸ್ತರರ ಮನೆಯಿದೆ. ಪಡಸಾಲೆಗೆ ಶಹಾಬಾದಿನ ಕಲ್ಲು ಹಾಸಿದ್ದಾರೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಅಂಗಳಕ್ಕೆ ಇಳಿಯುವ ಮೊದಲು, ಆ ಕಲ್ಲಿನ ಮೇಲೆ ಮೂರು ಸ್ಟೀಲ್ ಲೋಟಗಳನ್ನು ಬೋರಲಾಗಿ ಇಡಲಾಗಿತ್ತು. ಅವುಗಳಲ್ಲಿ ಒಂದರ ಕೆಳಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೂರು. ಎದುರಿಗೆ ಸುಮಾರು ಒಂಬತ್ತು ವಾರದ ಒಂದು ನಾಯಿಮರಿ. ಜಾತಿನಾಯಿಯಲ್ಲ, ಕಮಲಾಪುರದ ಅವರ ತೋಟದಲ್ಲಿ ಹುಟ್ಟಿದ, ಕಿವಿ ಇನ್ನೂ ನೆಟ್ಟಗಾಗದ ನಾಡಮರಿ. ಅದು ಮೊದಲ ಲೋಟವನ್ನು ಮೂಸಿತು, ಎರಡನೆಯದನ್ನು ಬಿಟ್ಟಿತು, ಆಮೇಲೆ ಆಟ ಮರೆತಂತೆ ಮಾಸ್ತರರ ಮೊಮ್ಮಗನ ಮುಖ ನೋಡುತ್ತ ಕುಳಿತಿತು. ಹುಡುಗನಿಗೆ ತಾಳ್ಮೆ ತಪ್ಪಿತು. ಬೆರಳು ಮೂರನೆಯ ಲೋಟದ ಕಡೆ ಹೋಯಿತು.

"ಕೈ ತೋರ್ಸಬ್ಯಾಡೋ ತಮ್ಮಾ" ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ. "ಅದ್ಕ ಮೂಗ್ ಅದ. ಹುಡುಕ್ತದ, ನೀ ಸುಮ್ನ ಕೂಡು."

ಮಕ್ಕಳಾಟದ ನಡುವೆ ಬಂದ ಈ ಮಾತಿನ ಹಿಂದೆ ದೊಡ್ಡದೊಂದು ಚರಿತ್ರೆಯೇ ಇದೆ ಎಂದರೆ ಓದುಗರಿಗೆ ಉತ್ಪ್ರೇಕ್ಷೆ ಎನಿಸೀತು. ಆದರೆ ನಾಯಿಯ ಮೂಗನ್ನು ಮನುಷ್ಯ ಎಷ್ಟು ನಂಬಬೇಕು, ಆ ಮೂಗಿನ ಕೆಲಸದಲ್ಲಿ ತಾನು ಎಷ್ಟು ಕೈಹಾಕಬೇಕು ಎಂಬ ಪ್ರಶ್ನೆ ವೇದಕಾಲದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ನಮ್ಮನ್ನು ಕಾಡಿದೆ. ಸೆರೆಮನೆಗೆ ಯಾರು ಹೋಗಬೇಕು ಎಂಬುದೂ ಕೆಲವೊಮ್ಮೆ ಅದರ ಮೇಲೆ ನಿಂತಿದೆ.

ಸಂಸ್ಕೃತದಲ್ಲಿ ನಾಯಿಗೆ 'ಸಾರಮೇಯ' ಎಂಬ ಹೆಸರುಂಟು. ಸರಮೆಯ ಸಂತತಿ ಎಂದು ಅದರ ಅರ್ಥ. ಯಾರು ಈ ಸರಮೆ? ಋಗ್ವೇದದ ಹತ್ತನೆಯ ಮಂಡಲದ 108ನೆಯ ಸೂಕ್ತದಲ್ಲಿ ಅವಳಿಗೂ ಪಣಿಗಳಿಗೂ ನಡೆದ ಸಂವಾದವಿದೆ. ಪಣಿಗಳು ಗೋವುಗಳನ್ನು ಬಂಡೆಗಳ ನಡುವೆ ಬಚ್ಚಿಟ್ಟಿದ್ದಾರೆ. ಇಂದ್ರನ ದೂತಿಯಾಗಿ ಸರಮೆ ರಸಾ ನದಿಯನ್ನು ದಾಟಿ, ಜಾಡು ಹಿಡಿದು ಅಲ್ಲಿಗೆ ಬರುತ್ತಾಳೆ. ಇಷ್ಟು ದೂರದ ದಾರಿ ನಿನಗೆ ಹೇಗೆ ಸಿಕ್ಕಿತು ಎಂದು ಕಳ್ಳರಿಗೇ ಬೆರಗು. ಅವಳನ್ನು ತಂಗಿ ಎಂದು ಕರೆದು, ಗೋವುಗಳಲ್ಲಿ ಪಾಲು ಕೊಡುತ್ತೇವೆ ಎಂದು ಪುಸಲಾಯಿಸುತ್ತಾರೆ. ಅವಳು ಒಪ್ಪುವುದಿಲ್ಲ. ಋಗ್ವೇದ ಅವಳನ್ನು ನಾಯಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಮುಂದಿನ ಗ್ರಂಥಗಳು ಹೇಳುತ್ತವೆ. ಅಂತೂ ನಾಯಿಯ ಕುಲಕ್ಕೆ ಹೆಸರು ಬಂದದ್ದು ಕಾವಲಿನಿಂದಲ್ಲ, ಕಾದಾಟದಿಂದಲೂ ಅಲ್ಲ, ಕಳೆದುಹೋದದ್ದನ್ನು ಹುಡುಕಿದ್ದರಿಂದ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 'ಬೃಹದ್ದೇವತಾ' ಎಂಬ ಗ್ರಂಥದಲ್ಲಿ ಅದು ಬೇರೆಯೇ ತಿರುವು ಪಡೆಯುತ್ತದೆ. ಅಲ್ಲಿ ಸರಮೆ ಪಣಿಗಳು ಕೊಟ್ಟ ಹಾಲು ಕುಡಿದು ಹಿಂದಿರುಗುತ್ತಾಳೆ; ಗೋವುಗಳನ್ನು ಕಂಡೆಯಾ ಎಂದು ಇಂದ್ರ ಕೇಳಿದರೆ ಇಲ್ಲ ಎನ್ನುತ್ತಾಳೆ. ಸಿಟ್ಟಿಗೆದ್ದ ಇಂದ್ರ ಒದೆಯುತ್ತಾನೆ. ಅವಳು ಹಾಲನ್ನು ಕಾರಿಕೊಂಡು, ನಡುಗುತ್ತ ಮತ್ತೆ ಪಣಿಗಳತ್ತ ಹೊರಡುತ್ತಾಳೆ. ಜಗತ್ತಿನ ಮೊದಲ ಪತ್ತೆನಾಯಿಯೇ ಲಂಚ ತಿಂದು ಸುಳ್ಳು ಹೇಳಿತು, ಒದೆ ತಿಂದ ಮೇಲೆ ದಾರಿ ತೋರಿತು ಎಂದಾಯಿತು. ಮೂಗನ್ನು ಹೊಗಳಿದ ಪರಂಪರೆಯೇ ಮೂಗಿನ ಒಡತಿಯನ್ನು ಅನುಮಾನಿಸಿದ್ದೂ ಉಂಟು.

ಕಲಬುರಗಿ ಸೀಮೆಗೆ ಈ ಸಾರಮೇಯ ಎಂಬ ಪದ ಹೊಸದಲ್ಲ. ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಸುಮಾರು 35 ಕಿಲೋಮೀಟರ್ ಸಾಗಿದರೆ ಕಮಲಾಪುರ. ಭೌಗೋಳಿಕ ಸೂಚಿ ಪಡೆದ ಕೆಂಪು ಬಾಳೆ ಅಲ್ಲಿಯದು. ಅಲ್ಲಿಂದ ಉತ್ತರಕ್ಕೆ ಬಸವಕಲ್ಯಾಣ, ಅಂದರೆ ಚಾಲುಕ್ಯರ ಕಲ್ಯಾಣ. ಆ ಪಟ್ಟಣದಿಂದ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ನೂರು ಅಧ್ಯಾಯಗಳ ವಿಶ್ವಕೋಶವನ್ನೇ ಬರೆದ. ಅಡುಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ ಎನ್ನಬೇಕು. ಅರಸನ ವಿನೋದಗಳನ್ನು ಎಣಿಸುವ ಭಾಗದಲ್ಲಿ ಗಜ, ವಾಜಿ, ಮಲ್ಲ, ಕುಕ್ಕುಟ ವಿನೋದಗಳ ಸಾಲಿನಲ್ಲೇ 'ಸಾರಮೇಯ ವಿನೋದ'ಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ನಾಯಿಯೊಡನೆ ಆಡುವುದು ಶಾಸ್ತ್ರ ಬರೆದಿಡಬೇಕಾದ ವಿದ್ಯೆ ಎಂದು ನಮ್ಮ ಸೀಮೆಯ ದೊರೆಯೊಬ್ಬ ಒಂಬೈನೂರು ವರ್ಷದ ಹಿಂದೆ ತಿಳಿದಿದ್ದ ಎಂಬುದು ಸಣ್ಣ ಸಂಗತಿಯಲ್ಲ. ಇನ್ನು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿಬಂದವರಿಗೆ ದತ್ತಾತ್ರೇಯನ ಪಾದದ ಬಳಿ ನಿಂತ ನಾಲ್ಕು ನಾಯಿಗಳ ಚಿತ್ರ ಗೊತ್ತೇ ಇದೆ.

ಆದರೂ ನಮ್ಮ ಚರಿತ್ರೆ ನಾಯಿಯಲ್ಲಿ ಮೆಚ್ಚಿದ್ದು ಹೆಚ್ಚಾಗಿ ಎದೆಗಾರಿಕೆಯನ್ನು. ಕಲಬುರಗಿಯಿಂದ 40 ಕಿಲೋಮೀಟರ್ ದೂರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿನ ದೊರೆ ಮೂರನೆಯ ಕೃಷ್ಣ 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗ ಅವನ ಪರವಾಗಿ ಕಾದಿದ್ದ. ಬೂತುಗನ ಬಂಟ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಒಂದನ್ನೊಂದು ಕೊಂದುಕೊಂಡವು. ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಭೂಮಿ ಬಿಟ್ಟರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಸೆಣಸುವ ಶಿಲ್ಪ ಅದರ ಮೇಲಿದೆ.

ನೋಡಿ, ಹಂದಿಯ ಮೇಲೆ ಎರಗಿದ ಗಳಿಗೆ ಕಲ್ಲಿನಲ್ಲಿ ಉಳಿಯಿತು. ಪೊದೆಯೊಳಗಿದ್ದ ಹಂದಿಯನ್ನು ಮೂಸಿ ಕಂಡುಹಿಡಿದ ಗಳಿಗೆಯನ್ನು ಯಾರೂ ಕೆತ್ತಲಿಲ್ಲ. ಕೆತ್ತುವುದಾದರೂ ಹೇಗೆ? ವಾಸನೆಗೆ ರೂಪವಿಲ್ಲ. ಉತ್ತರ ಕರ್ನಾಟಕದ ಹೆಮ್ಮೆಯ ಮುಧೋಳ ನಾಯಿಗೂ ಹೆಸರು ಬಂದದ್ದು ಕಣ್ಣಿನಿಂದ, ಕಾಲಿನಿಂದ. ದೂರದ ಮೊಲವನ್ನು ಕಂಡು ಅಟ್ಟಿ ಹಿಡಿಯುವ ತಳಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮೂಗಿಗೆ ಮಾತ್ರ ನಮ್ಮಲ್ಲಿ ವೀರಗಲ್ಲಿಲ್ಲ.

ಹಾಗಾದರೆ ಆ ಮೂಗಿನಲ್ಲಿ ಇರುವುದೇನು? ನಾಯಿಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ಕಣ್ಣು ತೆರೆಯಲು ಸುಮಾರು ಎರಡು ವಾರ ಬೇಕು, ಕಿವಿಗೆ ಇನ್ನೂ ಕೆಲವು ದಿನ. ಮೂಗು ಮಾತ್ರ ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ. ಕತ್ತಲೆಯಲ್ಲಿ, ಮೌನದಲ್ಲಿ, ತಾಯಿಯ ಮೊಲೆ ಎಲ್ಲಿದೆ ಎಂಬುದನ್ನು ಅದು ಕಾಣುವುದು ವಾಸನೆಯಿಂದ ಮತ್ತು ಬಿಸುಪಿನಿಂದ. ಮರಿಗೆ ಮೂಸಲು ಕಲಿಸುತ್ತೇವೆ ಎಂದು ನಾವು ಹೇಳುವುದು ಮೀನಿಗೆ ಈಜು ಕಲಿಸಿದಂತೆ. ಹೆಚ್ಚೆಂದರೆ ನಾವು ಅದರೊಡನೆ ಒಂದು ಒಪ್ಪಂದ ಮಾಡಿಕೊಳ್ಳಬಹುದು: ನೀನು ಹುಡುಕು, ಸಿಕ್ಕಾಗ ನನಗೆ ಹೇಳು, ನಾನು ಉಡುಗೊರೆ ಕೊಡುತ್ತೇನೆ.

ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು ಐದು ಬಾರಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಳಗೆ ಹೋದ ಗಾಳಿಯ ಒಂದು ಪಾಲು ಉಸಿರಿನ ದಾರಿಯಿಂದ ಬೇರ್ಪಟ್ಟು ಮೂಗಿನ ಹಿಂಬದಿಯ ಘ್ರಾಣಕೋಣೆಗೆ ಹೋಗುತ್ತದೆ. ಬಿಡುವ ಉಸಿರು ಹೊಳ್ಳೆಗಳ ಪಕ್ಕದ ಸೀಳುಗಳಿಂದ ಬದಿಗೆ ಹೊರಬೀಳುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಇಬ್ಬರು ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಂತೂ ವಿಸ್ಮಯಕರ. ಮನುಷ್ಯ ನಡೆದುಹೋದ ಜಾಡಿನ ಐದೇ ಹೆಜ್ಜೆ ಸಿಕ್ಕರೆ ಸಾಕು, ಅವನು ಯಾವ ದಿಕ್ಕಿಗೆ ಹೋದ ಎಂದು ಪಳಗಿದ ನಾಯಿ ಹೇಳಬಲ್ಲದು. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ಕಳೆದ ಕಾಲ ಎಷ್ಟು? ಒಂದು ಸೆಕೆಂಡೂ ಇಲ್ಲ. ಅಷ್ಟರಲ್ಲಿ ವಾಸನೆ ಎಷ್ಟು ಹಳತಾಯಿತು ಎಂಬ ವ್ಯತ್ಯಾಸ ಅದರ ಮೂಗಿಗೆ ತಿಳಿಯುತ್ತದೆ ಎಂದಾಯಿತು. 'ವಾಸನೆ' ಎಂಬ ನಮ್ಮ ಪದಕ್ಕೆ ಹಿಂದಿನದು ಬಿಟ್ಟುಹೋದ ಗುರುತು ಎಂಬ ಅರ್ಥವೂ ಉಂಟಷ್ಟೆ. ನಾಯಿಯ ಮಟ್ಟಿಗೆ ಎರಡೂ ಅರ್ಥ ಒಂದೇ. ಅದು ಮೂಸುವುದು ಚರಿತ್ರೆಯನ್ನು.

ಈ ಮೂಗನ್ನು ಸರ್ಕಾರಗಳು ನೌಕರಿಗೆ ಸೇರಿಸಿಕೊಂಡದ್ದು ಇತ್ತೀಚೆಗೆ. ಬೆಲ್ಜಿಯಂನ ಗೆಂಟ್ ನಗರದಲ್ಲಿ 1899ರಲ್ಲಿ ಪೊಲೀಸ್ ನಾಯಿಗಳ ವ್ಯವಸ್ಥಿತ ತರಬೇತಿ ಶುರುವಾಯಿತು. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬ ಪೊಲೀಸ್ ಅಧಿಕಾರಿ 1910ರಲ್ಲಿ ನಾಯಿ ಪಳಗಿಸುವ ಬಗ್ಗೆ ಬರೆದ ಪುಸ್ತಕ ದೀರ್ಘಕಾಲ ಈ ಕಸುಬಿನ ಕೈಪಿಡಿಯಾಗಿತ್ತು. ಬಹುಮಾನದ ಮಾತು ಅದರಲ್ಲಿ ಇದ್ದರೂ ಬಲವಂತದ ಪಾಲೇ ದೊಡ್ಡದು. ಇಂದ್ರನ ಒದೆಯ ಪರಂಪರೆ ಎನ್ನಬಹುದು. ಮೂಸುವ ಕೆಲಸಕ್ಕೆ ಆ ದಾರಿ ಹೊಂದುವುದಿಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಪೆಟ್ಟಿಗೆ ಹೆದರಿ ನಾಯಿ ಕೂರಬಹುದು, ನಿಲ್ಲಬಹುದು. ಹೆದರಿ ಹುಡುಕಲಾರದು. ಹುಡುಕಿದಂತೆ ನಟಿಸಬಹುದು, ಅಷ್ಟೆ.

ನಮ್ಮ ದೇಶದಲ್ಲಿ ಸೇನೆಯ ನಾಯಿಗಳ ಶಾಲೆ ಮೀರತ್‌ನಲ್ಲಿದೆ, ಗಡಿ ಭದ್ರತಾ ಪಡೆಯದು ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ. ಕರ್ನಾಟಕ ಪೊಲೀಸರ ಶ್ವಾನದಳಕ್ಕೆ ಬೆಂಗಳೂರಿನ ಆಡುಗೋಡಿ ಹೆಸರುವಾಸಿ. ಕಲಬುರಗಿಯೂ ಸೇರಿ ಜಿಲ್ಲೆಗಳಲ್ಲಿ ಈಗ ಶ್ವಾನದಳಗಳಿವೆ. ದಾವಣಗೆರೆಯ 'ತುಂಗಾ' ಎಂಬ ಡಾಬರ್ಮನ್ ಹೆಣ್ಣುನಾಯಿ 2020ರ ಜುಲೈನಲ್ಲಿ ಒಂದು ಕೊಲೆಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿದ್ದು ಪತ್ರಿಕೆಗಳಲ್ಲಿ ಬಂದು ನಾಡಿಗೆಲ್ಲ ಸುದ್ದಿಯಾಗಿತ್ತು. ಮಳೆಗಾಲದ ಹಸಿ ನೆಲದಲ್ಲಿ ಜಾಡು ತಂಗುತ್ತದೆ ಎಂಬುದೂ ಅದಕ್ಕೆ ನೆರವಾಗಿರಬೇಕು. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಾದರೆ ಕಥೆ ಬೇರೆ.

ಅದಿರಲಿ. ಹೀಗೆ ಓಡಿದ ನಾಯಿ ಒಂದು ಮನೆಯ ಮುಂದೆ ನಿಂತು ಬೊಗಳಿದರೆ, ಆ ಮನೆಯವನು ಅಪರಾಧಿಯೇ? ಇಲ್ಲಿ ನ್ಯಾಯಾಲಯಗಳು ತಡೆದು ನಿಂತಿವೆ. ನಾಯಿಯ ಸಾಕ್ಷ್ಯದ ಬಗ್ಗೆ ಹಿಂದಿನಿಂದ ಬಂದ ಆಕ್ಷೇಪಗಳು ಮೂರು. ನಾಯಿ ಕಟಕಟೆಗೆ ಬಂದು ಪಾಟೀಸವಾಲಿಗೆ ಉತ್ತರಿಸಲಾರದು. ಅದರ ಪರವಾಗಿ ಮಾತಾಡುವವನು ಅದನ್ನು ನಡೆಸಿಕೊಂಡು ಬಂದ ಮನುಷ್ಯ. ನಾಯಿ ಯಾವ ಊಹೆಯ ಮೇಲೆ ನಡೆಯಿತು ಎಂಬುದು ಅವನಿಗೂ ಗೊತ್ತಿಲ್ಲ. ಮನುಷ್ಯನ ಜೀವ, ಸ್ವಾತಂತ್ರ್ಯಗಳನ್ನು ಅಂಥ ಊಹೆಯ ಕೈಗೆ ಕೊಡಬಾರದು. ಮಹಾರಾಷ್ಟ್ರದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1969ರಲ್ಲೇ ಇವನ್ನು ಚರ್ಚಿಸಿ, ಇಂಥ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಲಾಗದು ಎಂದಿತು. 2001ರ ಆಂಧ್ರಪ್ರದೇಶದ ಪ್ರಕರಣದಲ್ಲೂ ಅದೇ ಧಾಟಿ: ತನಿಖೆಗೆ ನಾಯಿಯ ನೆರವು ಪಡೆಯಲಿ, ಶಿಕ್ಷೆಗೆ ಬೇರೆ ಪುರಾವೆ ಬೇಕು.

ಇದನ್ನು ಓದಿ ನಾಯಿಪ್ರಿಯರು ಬೇಸರ ಪಟ್ಟುಕೊಳ್ಳುವುದುಂಟು. ಆದರೆ ನ್ಯಾಯಾಲಯದ ಅಂಜಿಕೆಗೆ ಕಾರಣ ನಾಯಿಯ ಮೂಗಲ್ಲ, ಹಗ್ಗದ ಇನ್ನೊಂದು ತುದಿಯಲ್ಲಿ ಇರುವ ಮನುಷ್ಯ ಎಂಬುದು ನನ್ನ ತಿಳಿವಳಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ಪ್ರಸಿದ್ಧವಾಗಿತ್ತು. ಕೂಡಿಸು ಎಂದರೆ ಉತ್ತರದಷ್ಟು ಬಾರಿ ಗೊರಸು ಕುಟ್ಟುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬಾತ 1907ರಲ್ಲಿ ಪರೀಕ್ಷಿಸಿ ನೋಡಿದ: ಉತ್ತರ ಸಮೀಪಿಸಿದಾಗ ಕೇಳುವವನ ತಲೆ ತನಗೇ ಅರಿವಿಲ್ಲದಂತೆ ಕೊಂಚ ಅಲುಗುತ್ತಿತ್ತು. ಕುದುರೆ ಓದುತ್ತಿದ್ದದ್ದು ಅದನ್ನು. ಕೇಳುವವನಿಗೇ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯದು.

ನಾಯಿ ಮನುಷ್ಯನನ್ನು ಓದುವುದರಲ್ಲಿ ಕುದುರೆಗಿಂತ ಮೇಲು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಕೆಲಸದಲ್ಲಿದ್ದ 18 ಪತ್ತೆನಾಯಿಗಳನ್ನು ಅವುಗಳ ತರಬೇತುದಾರರ ಸಮೇತ ಒಂದು ಚರ್ಚಿನ ನಾಲ್ಕು ಕೊಠಡಿಗಳಲ್ಲಿ ಹುಡುಕಲು ಬಿಟ್ಟರು. ಅಲ್ಲಿ ಮಾದಕವಸ್ತುವಾಗಲಿ ಸ್ಫೋಟಕವಾಗಲಿ ಏನೇನೂ ಇರಲಿಲ್ಲ. ಆದರೆ ಇದೆ ಎಂದು ತರಬೇತುದಾರರಿಗೆ ನಂಬಿಸಿದ್ದರು. ಕೆಲವೆಡೆ ಕೆಂಪು ಕಾಗದ ಅಂಟಿಸಿ ಅದೇ ಗುರುತು ಎಂದಿದ್ದರು. 144 ಶೋಧಗಳಲ್ಲಿ 'ಏನೂ ಇಲ್ಲ' ಎಂಬ ಸರಿಯುತ್ತರ ಬಂದದ್ದು 21ರಲ್ಲಿ ಮಾತ್ರ. ಮನುಷ್ಯ ಎಲ್ಲಿ ನಂಬಿದ್ದನೋ ಅಲ್ಲಿಯೇ ನಾಯಿಯೂ 'ಕಂಡಿತು'. ಮೂಗು ಕೆಟ್ಟಿರಲಿಲ್ಲ. ಒಡೆಯನ ಮನಸ್ಸು ಮೂಗಿಗಿಂತ ಮುಂದೆ ಓಡಿತ್ತು.

ಹುಡುಗನ ಬೆರಳಿನ ಬಗ್ಗೆ ಅಜ್ಜಿ ಹೇಳಿದ್ದರ ಬೆಲೆ ಈಗ ಓದುಗರಿಗೆ ತಿಳಿದಿರಬೇಕು. ಎಂಟು ವಾರದ ಮರಿಯೂ ಮನುಷ್ಯನ ಬೆರಳು ತೋರಿದತ್ತ ಹೋಗಬಲ್ಲದು. ಇದು ಪ್ರಯೋಗಗಳಲ್ಲಿ ಕಂಡ ಸಂಗತಿ. ಸಾವಿರಾರು ವರ್ಷ ನಮ್ಮೊಡನೆ ಬಾಳಿದ್ದರ ಫಲ ಅದು, ಒಳ್ಳೆಯದೇ. ಆದರೆ ಮೂಸುವ ಆಟದಲ್ಲಿ ಬೆರಳು ತೋರಿದರೆ ಮರಿ ಕಲಿಯುವ ಪಾಠ ಒಂದೇ: ಹುಡುಕಬೇಡ, ಅವರ ಮುಖ ನೋಡು.

ಆಟಕ್ಕೆ ದೊಡ್ಡ ಸಲಕರಣೆ ಬೇಡ. ಮರಿ ಎಂಟು ವಾರ ತಾಯಿಯ ಬಳಿ ಇದ್ದು ಬಂದಿರಬೇಕು, ಅಷ್ಟೆ. ಮೊದಲು ಎರಡು ಮುಷ್ಟಿ, ಒಂದರಲ್ಲಿ ತಿನಿಸು. ಸರಿಯಾದ ಮುಷ್ಟಿಯನ್ನು ಮೂಸಿದಾಗ ಕೈ ಬಿಚ್ಚುವುದು. ಆಮೇಲೆ ಬೋರಲಿಟ್ಟ ಲೋಟಗಳು, ಆಮೇಲೆ ಖಾಲಿ ರಟ್ಟಿನ ಡಬ್ಬಿಗಳು, ಮುಂದೆ ಬಾಗಿಲ ಸಂದಿ, ಚಾಪೆಯ ಮಡಿಕೆ, ತೊಗರಿ ಕಟ್ಟಿಗೆಯ ರಾಶಿ. ಎರಡು ಮೂರು ನಿಮಿಷ ಸಾಕು. ಮರಿಗೆ ಬೇಕೆನಿಸುವಾಗಲೇ ನಿಲ್ಲಿಸಬೇಕು. ಬಾಳೆಹಣ್ಣಿನ ಚೂರು, ಬೇಯಿಸಿದ ಕೋಳಿ, ಜೋಳದ ರೊಟ್ಟಿಯ ತುಣುಕು, ಯಾವುದಾದರೂ ಆದೀತು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮಾತ್ರ ಕೂಡದು. ಅವು ನಾಯಿಗೆ ವಿಷ. ಲಸಿಕೆಗಳು ಮುಗಿಯುವ ತನಕ ಬೀದಿಯಲ್ಲಿ ಮೂಸಲು ಬಿಡಬಾರದು. ಬೇರೆ ನಾಯಿಗಳ ಮಲದಿಂದ ಬರುವ ಪಾರ್ವೊ ರೋಗ ಎಳೆಯ ಮರಿಯನ್ನು ಕೆಲವೇ ದಿನಗಳಲ್ಲಿ ಕೊಲ್ಲಬಹುದು. ಔಷಧ ಹೊಡೆದ ತೊಗರಿ ಹೊಲಕ್ಕಂತೂ ಯಾವ ನಾಯಿಯನ್ನೂ ಬಿಡಬಾರದು.

ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ಆಡಿಸಬೇಕು. ನಾಯಿ ಮೈಯನ್ನು ತಂಪು ಮಾಡಿಕೊಳ್ಳುವುದು ಬಾಯಿಂದ ಏದುಸಿರು ಬಿಟ್ಟು. ಏದುತ್ತಿರುವ ನಾಯಿ ಚೆನ್ನಾಗಿ ಮೂಸಲಾರದು. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಹುಡುಕಲು ಬಿಟ್ಟು, ಮೂಗೇ ಇಲ್ಲದ ನಾಯಿ ಎಂದು ಬೈದರೆ ತಪ್ಪು ಯಾರದು?

ಸಾಕುನಾಯಿಗಳಿಗೆ ಇದನ್ನು ಆಟವಾಗಿ ರೂಪಿಸಿದವರು ಕ್ಯಾಲಿಫೋರ್ನಿಯಾದಲ್ಲಿ ಪತ್ತೆನಾಯಿಗಳನ್ನು ಪಳಗಿಸುತ್ತಿದ್ದ ಮೂವರು, 2006ರಲ್ಲಿ. ಮೊದಲು ತಿನಿಸನ್ನು ಹುಡುಕಿಸಿ, ಆಮೇಲೆ ಗೊತ್ತುಮಾಡಿದ ಪರಿಮಳಗಳಿಗೆ ದಾಟುತ್ತಾರೆ. ಆ ಪರಿಮಳಗಳಲ್ಲಿ ಒಂದು ಲವಂಗದ ಎಣ್ಣೆ. ಕಲಬುರಗಿಯ ಯಾವ ಕಿರಾಣಿ ಅಂಗಡಿಯಲ್ಲಿ ಲವಂಗ ಸಿಗುವುದಿಲ್ಲ ಹೇಳಿ. ತೂತು ಕೊರೆದ ಡಬ್ಬಿಯಲ್ಲಿ ಎರಡು ಲವಂಗ ಹಾಕಿ, ಮರಿ ಅದನ್ನು ಮೂಸಿದ ಕೂಡಲೇ ತಿನಿಸು ಕೊಡುತ್ತ ಹೋದರೆ, ಈ ವಾಸನೆ ಕಂಡಲ್ಲಿ ತಿನಿಸು ಸಿಗುತ್ತದೆ ಎಂದು ಅದು ತಾನೇ ಲೆಕ್ಕ ಹಾಕುತ್ತದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎರಡು ವಾರ ಮೂಸುವ ಆಟ ಆಡಿದ ನಾಯಿಗಳು, ಒಡೆಯನ ಪಕ್ಕದಲ್ಲಿ ಶಿಸ್ತಾಗಿ ನಡೆಯುವುದನ್ನು ಅಭ್ಯಾಸ ಮಾಡಿದ ನಾಯಿಗಳಿಗಿಂತ ಹೆಚ್ಚು ಆಶಾವಾದಿಗಳಾದವು. ಏನಿದೆಯೋ ಗೊತ್ತಿಲ್ಲದ ಬಟ್ಟಲಿನ ಕಡೆಗೆ ಅವು ಮುಂಚಿಗಿಂತ ಬೇಗ ಹೋದವು. ಪರೀಕ್ಷೆಗೆ ಒಳಗಾದದ್ದು 20 ನಾಯಿಗಳು ಮಾತ್ರ. ದೊಡ್ಡ ಮಾತು ಆಡುವಂತಿಲ್ಲ. ಆದರೂ ಹಗಲೆಲ್ಲ ಗೇಟಿಗೆ ಕಟ್ಟಿಹಾಕಿದ ನಾಯಿಗಳ ಮುಖ ನೆನೆದಾಗ ಆ ಫಲಿತಾಂಶ ನನಗೆ ನಂಬುವಂತೆಯೇ ಕಂಡಿತು.

ಮುಂದಿನ ಭಾನುವಾರ ಮಾಸ್ತರರ ಮನೆಯವರೊಡನೆ ನಾನೂ ಕಮಲಾಪುರಕ್ಕೆ ಹೋದೆ. ಸಂಜೆ ತಂಪಾದ ಮೇಲೆ ಮೊಮ್ಮಗ ಲವಂಗದ ಡಬ್ಬಿ ತೆಗೆದುಕೊಂಡು ಒಬ್ಬನೇ ಬಾಳೆತೋಟದೊಳಗೆ ಹೋಗಿ ಬಚ್ಚಿಟ್ಟು ಬಂದ. ಎಲ್ಲಿ ಎಂದು ಯಾರಿಗೂ ಹೇಳಬಾರದು, ಅವನೂ ಮರಿಯ ಕಣ್ಣಿಗೆ ಬೀಳಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ. ಅವನು ಬಂಡಿಯ ಹಿಂದೆ ಕುಳಿತ. ಮರಿಯನ್ನು ಬಿಟ್ಟರು. ಅದು ನೇರ ಪಂಪಿನ ಕೋಣೆಯ ಕಡೆ ಓಡಿತು, ಸುತ್ತಿತು, ಹಿಂದಿರುಗಿತು, ನನ್ನ ಮುಖ ನೋಡಿತು, ಮತ್ತೆ ಪಂಪಿನ ಕೋಣೆಗೇ ಹೋಯಿತು. ಮೂರನೆಯ ಸಲವೂ ಹಾಗೆಯೇ ಆದಾಗ ಅಜ್ಜಿ ನನ್ನ ಕಡೆ ತಿರುಗಿದರು.

"ಅಣ್ಣಾರ, ನೀವು ಆ ಕ್ವಾಣಿ ಕಡೀನ ನೋಡ್ಲಕತ್ತೀರಿ. ಸ್ವಲ್ಪ ಅತ್ತಾಗ ತಿರುಗ್ರಿ."

ನಿಜವೇ. ಹುಡುಗ ಅಲ್ಲಿಯೇ ಇಟ್ಟಿರುತ್ತಾನೆ ಎಂದು ನಾನು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ. ನಾಚಿ ರಸ್ತೆಯತ್ತ ಮುಖ ಮಾಡಿ ನಿಂತೆ. ಹುಮನಾಬಾದಿನ ಬಸ್ಸೊಂದು ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದೆ ಒಣ ಬಾಳೆಎಲೆ ಪರಪರ ಎಂದ ಸದ್ದು, ಅದರ ಬೆನ್ನಿಗೇ ಡಬ್ಬಿ ಉರುಳಿದ ಸದ್ದು ಕೇಳಿಸಿದವು.